ಮಕ್ಕಳ ಕಣ್ಣಿಗೆ ಹಿತ್ತಿಲ ಸೊಪ್ಪು

ಯಲ್ಲಾಪುರ ತಾಲ್ಲೂಕಿನ ಇಡಗುಂದಿಯಂಥ ಅಡಿಕೆ ಸೀಮೆಯಲ್ಲಿ ಮನೆಯ ಸುತ್ತ ಹಸಿರಿಗೆ ಬರವಿಲ್ಲ. ಬಚ್ಚಲ ನೀರಿಗೆ ಬಸಳೆ ಹಬ್ಬುತ್ತದೆ. ತೋಟದ ಕಾಲುವೆಯಂಚಿನಲ್ಲಿ ಕೆಸು ಬೆಳೆಯುತ್ತದೆ. ಆದರೆ ಈ ಹಸಿರು ಚಿಕ್ಕ ಮಕ್ಕಳ ಬಟ್ಟಲಿಗೂ ಬೀಳಬೇಕು. ಬರೀ ಗಂಜಿ, ಅನ್ನದಲ್ಲೇ ಬೆಳೆಯುವ ಮಗುವಿಗೆ ‘ಎ’ ಜೀವಸತ್ವದ ಕೊರತೆಯಾಗಿ ಕಣ್ಣೇ ಹೋಗುವ ಸಂಭವವುಂಟು.

ಕೊರತೆಯ ಲಕ್ಷಣಗಳು

ಕಣ್ಣಿನ ಒಳಪರದೆಯಲ್ಲಿ ಮಬ್ಬು ಬೆಳಕನ್ನು ಗುರುತಿಸುವ ವರ್ಣದ್ರವ್ಯವೊಂದಿದೆ. ಬೆಳಕು ಬಿದ್ದಾಗ ಅದು ಒಡೆಯುತ್ತದೆ; ಮತ್ತೆ ಕೂಡಿಕೊಳ್ಳಲು ‘ಎ’ ಜೀವಸತ್ವ ಬೇಕು. ಅದು ಸಾಲದಾದಾಗ ಮಗು ಮುಸ್ಸಂಜೆಯಲ್ಲಿ ತಡವರಿಸುತ್ತದೆ. ಇದೇ ಇರುಳುಗುರುಡು. ಮುಂದೆ ಕಣ್ಣಿನ ಬಿಳಿಭಾಗ ಹೊಳಪುಗೆಟ್ಟು ಒಣಗಿ, ನೊರೆಯಂಥ ಮಚ್ಚೆ ಕಾಣಬಹುದು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಮೆತ್ತಗಾಗಿ ಹುಣ್ಣಾದರೆ ಹೋದ ದೃಷ್ಟಿ ಮರಳುವುದು ಕಷ್ಟ. ದಡಾರ, ಭೇದಿ ಬಂದ ಮಕ್ಕಳಲ್ಲಿ ಅಪಾಯ ಹೆಚ್ಚು.

ಯಾವುದರಲ್ಲಿ ಸಿಗುತ್ತದೆ?

ತಾಯಿಯ ಗಿಣ್ಣುಹಾಲು, ಹಾಲು, ತುಪ್ಪ, ಮೊಟ್ಟೆಯ ಹಳದಿಯಲ್ಲಿ ಈ ಜೀವಸತ್ವ ನೇರವಾಗಿಯೇ ಇದೆ. ಸೊಪ್ಪು, ತರಕಾರಿಗಳಲ್ಲಿ ಕ್ಯಾರೊಟೀನ್ ಎಂಬ ವಸ್ತುವಿದ್ದು, ದೇಹವು ಅದನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಆರಿಸುವಾಗ ಬಣ್ಣ ನೋಡಿರಿ: ಬೂದುಗುಂಬಳಕ್ಕಿಂತ ಕೆಂಪು ತಿರುಳಿನ ಚೀನಿಕಾಯಿ (ಸಿಹಿಗುಂಬಳ) ಮೇಲು. ನುಗ್ಗೆ, ಹರಿವೆ, ಬಸಳೆ, ಕೆಸುವಿನ ಎಲೆ, ಪರಂಗಿ ಹಣ್ಣು, ಮಾವಿನ ಹಣ್ಣು ಉತ್ತಮ.

ಕ್ಯಾರೊಟೀನ್ ಮೈಗೆ ಹತ್ತಲು ಜಿಡ್ಡು ಬೇಕು. ಆದುದರಿಂದ ಸೊಪ್ಪಿನ ಪಲ್ಯಕ್ಕೆ ಎಣ್ಣೆಯ ಒಗ್ಗರಣೆ, ತಂಬುಳಿಗೆ ತೆಂಗಿನಕಾಯಿ ಹಾಕುವ ನಮ್ಮ ರೂಢಿ ಸರಿಯಾದುದೇ. ಸೊಪ್ಪನ್ನು ಬಿಸಿಲಿನಲ್ಲಿ ಒಣಗಿಸಿದರೆ ಕ್ಯಾರೊಟೀನ್ ಬಹಳಷ್ಟು ನಾಶವಾಗುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಬೇಯಿಸಿದ ಸೊಪ್ಪನ್ನು ನುಣ್ಣಗೆ ಮಸೆದು, ತುಪ್ಪ ಸೇರಿಸಿ ಅನ್ನದೊಡನೆ ಉಣಿಸಬೇಕು.

ವರ್ಷವಿಡೀ ಬೆಳೆಯಲು

ಮಳೆಗಾಲದಲ್ಲಿ ಹರಿವೆ ಕೊಳೆಯುತ್ತದೆ. ಆಗ ಕೆಸು ಮತ್ತು ಅಟ್ಟದಲ್ಲಿ ಕೂಡಿಟ್ಟ ಚೀನಿಕಾಯಿ ಒದಗುತ್ತವೆ. ಮಳೆ ಕಡಿಮೆಯಾದ ಮೇಲೆ ಏರುಮಡಿಗಳಲ್ಲಿ ಹರಿವೆ ಬೀಜವನ್ನು ಮರಳಿನೊಡನೆ ಬೆರೆಸಿ ಬಿತ್ತಬೇಕು. ತಿಂಗಳೊಳಗೆ ಮೊದಲ ಕೊಯ್ಲು ಸಿಗುತ್ತದೆ. ಎರಡು ವಾರಕ್ಕೊಮ್ಮೆ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಹರಿವೆಯನ್ನು ಹಲವು ಸಲ ಕೊಯ್ಯಬಹುದು. ‘ಅರ್ಕಾ ಚಂದನ್’ ಕುಂಬಳದಲ್ಲಿ ಕ್ಯಾರೊಟೀನ್ ಹೆಚ್ಚು.

ಎಚ್ಚರಿಕೆ

ಭಾರತದಲ್ಲಿ 1970ರಿಂದ ಮಕ್ಕಳಿಗೆ ‘ಎ’ ಜೀವಸತ್ವದ ದ್ರಾವಣ ಕೊಡುವ ಕಾರ್ಯಕ್ರಮವಿದೆ. ಒಂಬತ್ತು ತಿಂಗಳಲ್ಲಿ ಮೊದಲ ಡೋಸ್, ನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡಲಾಗುತ್ತದೆ. ಇದನ್ನು ಆರೋಗ್ಯ ಕಾರ್ಯಕರ್ತರಿಂದಲೇ ಹಾಕಿಸಬೇಕು, ಅತಿಯಾದರೆ ವಿಷವಾಗುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದರ ಮಾತ್ರೆ ನುಂಗಬಾರದು. ಕಣ್ಣಿನ ಪೊರೆ, ಕನ್ನಡಕದ ದೋಷ ಸೊಪ್ಪಿನಿಂದ ಹೋಗವು. ಸಂಜೆ ಮಗು ಎಡವುವುದು ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.