ಓಡುವ ಯೆಜ್ಡಿಯನ್ನು ನಿಲ್ಲಿಸುವ ಕಸುಬು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. ಮೊದಲು ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಕಾರ್ಖಾನೆಗೆ ಬೀಗ ಬಿದ್ದರೂ ಗಾಡಿಗಳ ಆಯುಷ್ಯ ಮುಗಿಯಲಿಲ್ಲ. ಅಪ್ಪನದೋ ಮಾವನದೋ ಗಾಡಿ ಶೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ದೂಳು ತಿಂದಿರುತ್ತದೆ. ಒಂದು ದಿನ ಮಗನಿಗೆ ಅದರ ಮೇಲೆ ಮನಸ್ಸಾಗುತ್ತದೆ. ಕಾರ್ಬ್ಯುರೇಟರ್ ತೊಳೆದು, ಪ್ಲಗ್ ಬದಲಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಕಿಕ್ ಹೊಡೆದರೆ ಎಂಜಿನ್ ಗುಡುಗುತ್ತದೆ. ಗಾಡಿ ಓಡುತ್ತದೆ, ಆದರೆ ನಿಲ್ಲುವುದಿಲ್ಲ. ಹಿಂದಿನ ಬ್ರೇಕನ್ನು ಪೂರಾ ತುಳಿದರೂ ಮುಂದಕ್ಕೇ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ: ಬ್ರೇಕಿನ ನಟ್ಟು ಬಿಗಿ ಮಾಡುವುದು. ಪಳಗಿದ ಮೆಕ್ಯಾನಿಕ್ ಮೊದಲು ಚಕ್ರ ಬಿಚ್ಚುತ್ತಾನೆ. ಏಕೆಂದರೆ ಕಾಲಿನ ಬಲ ಪೆಡಲಿನಿಂದ ಬ್ರೇಕಿನ ಆರ್ಮ್‌ಗೆ, ಅಲ್ಲಿಂದ ಕ್ಯಾಮ್‌ಗೆ ಸಾಗಬೇಕು. ಕ್ಯಾಮ್ ತಿರುಗಿ ಎರಡು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತಬೇಕು. ಈ ದಾರಿಯಲ್ಲಿ ಬಲ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಅವನ ವಿದ್ಯೆ.

ನಿಂತ ಗಾಡಿಯಲ್ಲಿ ಸೋರಿಕೆಗೆ ಹಲವು ಜಾಗಗಳಿವೆ. ಕ್ಯಾಮಿನ ಗ್ರೀಸ್ ಒಣಗಿ, ತುಕ್ಕು ಹಿಡಿದು, ತುಳಿತದ ಅರ್ಧ ಬಲ ಅದನ್ನು ತಿರುಗಿಸುವುದಕ್ಕೇ ಹೋಗುತ್ತದೆ. ತೇವಕ್ಕೆ ಡ್ರಮ್ಮಿನ ಒಳಮೈ ತುಕ್ಕಾಗಿರುತ್ತದೆ. ಶೂ ಮೇಲಿನ ಲೈನರ್ ಗಾಜಿನಂತೆ ಹೊಳಪೇರಿ ಹಿಡಿತ ಬಿಟ್ಟಿರುತ್ತದೆ. ಬೇರಿಂಗಿನ ಗ್ರೀಸ್ ಒಳಗಿಳಿದು ಲೈನರನ್ನು ನೆನೆಸಿರುವುದೂ ಉಂಟು. ಇನ್ನು ಅಂಟಿನ ಲೈನರಾದರೆ ಅಂಟು ಸತ್ತು ಶೂನಿಂದ ಕಳಚಿಕೊಳ್ಳಬಹುದು. ಆಗ ಚಕ್ರ ಓಡುತ್ತಿರುವಾಗಲೇ ಜಾಮ್ ಆಗುವ ಅಪಾಯವಿದೆ.

ಮದ್ದು ರೋಗಕ್ಕೆ ತಕ್ಕಂತೆ. ಹೊಳಪೇರಿದ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇಲ್ಲವೆಂಬುದು ಖಚಿತವಿದ್ದರೆ ಮಾತ್ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಬಹುದು, ಇಲ್ಲದಿದ್ದರೆ ಬದಲಿಸುವುದೇ ಲೇಸು. ಗ್ರೀಸ್ ಕುಡಿದದ್ದನ್ನು ಎಷ್ಟು ತೊಳೆದರೂ ನಂಬುವಂತಿಲ್ಲ, ಬದಲಿಸಲೇಬೇಕು. ಒಳಗಿನ ದೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಬೇಕು. ಡ್ರಮ್ಮಿನ ತೆಳು ತುಕ್ಕು ಎಮರಿ ಪೇಪರಿಗೆ ಬಗ್ಗುತ್ತದೆ. ಗೀರು ಆಳವಾಗಿದ್ದರೆ ಲೇತ್ ಕಾಣಿಸಬೇಕು. ಕ್ಯಾಮನ್ನು ಹೊರತೆಗೆದು ಉಜ್ಜಿ, ಬಿಸಿಗೆ ಕರಗದ ಗ್ರೀಸನ್ನು ತೆಳ್ಳಗೆ ಸವರಬೇಕು. ಹೆಚ್ಚಾದ ಗ್ರೀಸ್ ಮತ್ತೆ ಲೈನರಿಗೇ ಇಳಿಯುತ್ತದೆ.

ಹೊಸ ಶೂ ಸಿಗದಿದ್ದಾಗ ಕೈ ಹಿಡಿಯುವುದು ಲೈನರ್ ಹಾಕುವವರ ಸಣ್ಣ ಅಂಗಡಿ. ಹಳೆಯ ಲೋಹದ ಶೂ ಕೊಟ್ಟರೆ, ಸವೆದ ಲೈನರ್ ಕಿತ್ತು, ಅದೇ ಬಾಗಿಗೆ ಹೊಸದನ್ನು ಕೂರಿಸಿ ರಿವೆಟ್ ಹೊಡೆಯುತ್ತಾರೆ, ಇಲ್ಲವೇ ಅಂಟಿಸುತ್ತಾರೆ. ರಿವೆಟ್ಟಿನ ತಲೆ ಲೈನರಿನ ಮೇಲ್ಮೈಗಿಂತ ಕೆಳಗೆ ಹುದುಗಿರಬೇಕು, ಇಲ್ಲದಿದ್ದರೆ ಅದು ಡ್ರಮ್ಮನ್ನೇ ಕೊರೆಯುತ್ತದೆ. ತಯಾರಿಸಿದ ಕಂಪನಿಯೇ ಮುಚ್ಚಿದ ಗಾಡಿಗಳು ಇನ್ನೂ ರಸ್ತೆಯಲ್ಲಿರುವುದಕ್ಕೆ ಈ ಕೈಗಳ ಪಾಲು ದೊಡ್ಡದು.

ಜೋಡಣೆಯಲ್ಲೂ ಜಾಣ್ಮೆ ಬೇಕು. ಆಕ್ಸಲ್ ನಟ್ಟು ಬಿಗಿಯುವಾಗ ಒಬ್ಬರು ಪೆಡಲ್ ತುಳಿದು ಹಿಡಿದರೆ ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಪೂರ್ತಿ ತುಳಿದಾಗ ಬ್ರೇಕ್ ಆರ್ಮ್ ಮತ್ತು ಅದನ್ನು ಎಳೆಯುವ ರಾಡ್ ಸುಮಾರು 90 ಡಿಗ್ರಿ ಕೋನದಲ್ಲಿದ್ದರೆ ಬಲ ಹೆಚ್ಚು. ಕೋನ ಅದನ್ನು ದಾಟಿ ಹೋಗುತ್ತಿದ್ದರೆ ಲೈನರ್ ಸವೆದಿರಬಹುದು. ಬ್ರೇಕ್ ಪ್ಲೇಟನ್ನು ತಿರುಗದಂತೆ ಹಿಡಿದಿರುವ ಪಟ್ಟಿಯ ಬೋಲ್ಟು ಮರೆತರೆ, ತುಳಿದೊಡನೆ ಪ್ಲೇಟೇ ಸುತ್ತಿ ಅನಾಹುತವಾಗುತ್ತದೆ. ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿದರೆ ಎಲ್ಲೂ ಉಜ್ಜದೆ ತಿರುಗಬೇಕು. ಪೆಡಲಿನಲ್ಲಿ ಸ್ವಲ್ಪ ಸಡಿಲವಿರಬೇಕು.

ಇಷ್ಟಾದರೂ ಹಳೆಯ ಡ್ರಮ್ ಬ್ರೇಕಿನಿಂದ ಡಿಸ್ಕ್ ಬ್ರೇಕಿನ ಹಿಡಿತ ಬಯಸಬಾರದು. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಆದ್ದರಿಂದ ಎರಡನ್ನೂ ಸರಿಮಾಡಿಸಿ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಖಾಲಿ ಮೈದಾನದಲ್ಲಿ, ನಿಧಾನವಾಗಿ ಓಡಿಸಿ ನೋಡಿ. ಜುಲೈ ಎರಡನೇ ಭಾನುವಾರ ಈ ಗಾಡಿಗಳ ಅಭಿಮಾನಿಗಳು ಆಚರಿಸುವ ಜಾವಾ ದಿನಕ್ಕೆ ಹಳೆಯ ಗಾಡಿ ಹೊರತೆಗೆಯುವವರು ಎಂಜಿನ್ನಿಗಿಂತ ಮೊದಲು ಬ್ರೇಕ್ ಬಿಚ್ಚಿಸಲಿ.