ಕಟಿಂಗ್ ಮ್ಯಾಟಿನ ಅಂಟು ಉಳಿಸಿಕೊಳ್ಳುವುದು ಹೇಗೆ?

ಹುಬ್ಬಳ್ಳಿಯ ರೇಡಿಯಂ ಅಂಗಡಿಗಳಲ್ಲಿ ಟ್ರ್ಯಾಕ್ಟರಿಗೆ, ಬೈಕಿಗೆ ಹೆಸರು ಕತ್ತರಿಸುವ ಮಷೀನನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕ್ರಿಕಟ್, ಸಿಲುಯೆಟ್ ಕ್ಯಾಮಿಯೊ ಎಂಬ ಹೆಸರಿನಲ್ಲಿ ಸಿಗುವುದು ಅದರದೇ ಸಣ್ಣ ರೂಪ. ಮನೆಯ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬರೆದ ಅಕ್ಷರದ ಅಂಚಿನಗುಂಟ ಪುಟ್ಟ ಬ್ಲೇಡು ಓಡುತ್ತದೆ. ಈದ್ ಕಾರ್ಡು, ಲಗ್ನಪತ್ರಿಕೆ, ಗೋಡೆಪತ್ರಿಕೆಯ ತಲೆಬರಹ ಎಲ್ಲವನ್ನೂ ಇದರಲ್ಲಿ ಮಾಡಬಹುದು. ಮನೆಯಲ್ಲೇ ಕುಳಿತು ನಾಲ್ಕು ಕಾಸು ಗಳಿಸಬೇಕೆನ್ನುವವರಿಗೆ ಇದು ಒಳ್ಳೆಯ ಕೆಲಸ. ಆದರೆ ಮಷೀನು ಒಮ್ಮೆ ಕೊಂಡರೆ ಆಯಿತು, ಮ್ಯಾಟು ಮಾತ್ರ ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಗಳಿಸಿದ್ದು ಸೋರಿಹೋಗುವುದು ಅಲ್ಲೇ.

ರೇಡಿಯಂ ಅಂಗಡಿಯವರಿಗೆ ಮ್ಯಾಟು ಯಾಕೆ ಬೇಕಿಲ್ಲ? ಅವರ ಸ್ಟಿಕರ್ ಹಾಳೆಗೆ ಬೆನ್ನಿಗೊಂದು ಕಾಗದವಿರುತ್ತದೆ. ಬ್ಲೇಡು ಮೇಲಿನ ಪದರವನ್ನಷ್ಟೇ ಕತ್ತರಿಸುತ್ತದೆ, ಅಕ್ಷರ ಆ ಕಾಗದಕ್ಕೆ ಅಂಟಿಕೊಂಡೇ ಇರುತ್ತದೆ. ಚಾರ್ಟ್ ಶೀಟಿಗೆ ಅಂಥ ಆಸರೆಯಿಲ್ಲ, ಪೂರ್ತಿ ಕತ್ತರಿಸಬೇಕು. ಹಾಳೆ ಅಲುಗದಂತೆ ಹಿಡಿಯುವ ಆಸರೆಯೇ ಅಂಟಿನ ಮ್ಯಾಟು. ಅಂಟು ಕಡಿಮೆಯಾದರೆ ಮೊದಲು ಏಳುವುದು ಸಣ್ಣ ತುಣುಕು. ಕನ್ನಡದ ‘ಠ’ದ ನಡುವಿನ ಚುಕ್ಕಿ ಹಾರುತ್ತದೆ, ಉರ್ದುವಿನ ನುಕ್ತಾ ಹಾರುತ್ತದೆ. ‘ಶೀನ್’ ಮೇಲಿನ ಮೂರು ನುಕ್ತಾ ಹೋದರೆ ಉಳಿಯುವುದು ‘ಸೀನ್’! ಎದ್ದ ತುಣುಕನ್ನು ಬ್ಲೇಡು ಎಳೆದುಕೊಂಡು ಹೋಗಿ ಪಕ್ಕದ ಅಕ್ಷರವನ್ನೂ ಹರಿದುಹಾಕುವುದುಂಟು.

ಹಾಗೆಂದು ಅಂಟು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ. ಕ್ರಿಕಟ್ ಮ್ಯಾಟುಗಳಲ್ಲಿ ನೀಲಿಗೆ ಕಡಿಮೆ ಅಂಟು, ತೆಳು ಕಾಗದಕ್ಕೆ ಅದು. ಹಸಿರು ದಪ್ಪ ಕಾರ್ಡು ಹಾಗೂ ವಿನೈಲಿಗೆ, ನೇರಳೆ ಇನ್ನೂ ದಪ್ಪನೆಯ ರಟ್ಟಿಗೆ, ಗುಲಾಬಿ ಬಟ್ಟೆಗೆ. ತೆಳು ಕಾಗದವನ್ನು ಹೊಸ ಹಸಿರು ಮ್ಯಾಟಿಗೆ ಅಂಟಿಸಿದರೆ ಬಿಡಿಸುವಾಗ ಹರಿಯುತ್ತದೆ. ಬೇರೆ ಮ್ಯಾಟು ಇಲ್ಲವೆಂದರೆ, ಒಗೆದ ಹತ್ತಿ ಬಟ್ಟೆಯನ್ನು ಅದರ ಮೇಲೆ ಎರಡು ಸಲ ಒತ್ತಿ ತೆಗೆಯಿರಿ, ಬಿಗಿ ತುಸು ಇಳಿಯುತ್ತದೆ.

ಬಿಡಿಸುವ ರೀತಿಯಲ್ಲೂ ಒಂದು ಗುಟ್ಟಿದೆ. ಹೆಚ್ಚಿನವರು ಮ್ಯಾಟು ಕೆಳಗಿಟ್ಟು ಕಾಗದವನ್ನು ಮೇಲಕ್ಕೆ ಎಳೆಯುತ್ತಾರೆ. ಕಾಗದ ಸುರುಳಿಯಾಗುತ್ತದೆ, ಆಮೇಲೆ ಪುಸ್ತಕದಡಿ ಇಟ್ಟರೂ ನೆಟ್ಟಗಾಗದು. ಬದಲಿಗೆ ಮ್ಯಾಟನ್ನೇ ಬೋರಲು ಹಾಕಿ, ಕಾಗದವನ್ನು ಮೇಜಿಗೆ ಒತ್ತಿಹಿಡಿದು, ಮ್ಯಾಟನ್ನು ಮಡಚಿದಂತೆ ಮೇಲಕ್ಕೆ ಎತ್ತಬೇಕು. ಬಾಗುವುದು ಮ್ಯಾಟು, ಕಾಗದವಲ್ಲ.

ಇನ್ನು ನಮ್ಮ ಊರಿನ ಕಡೆಯ ತೊಂದರೆ. ಕುಬಿಹಾಳದ ಸುತ್ತ ಎರೆ ಹೊಲಗಳು. ಬೇಸಿಗೆಯ ಗಾಳಿಗೆ ಧೂಳು, ಅರಳೆ ಬಿಡಿಸುವ ಕಾಲಕ್ಕೆ ಹತ್ತಿಯ ಎಳೆ. ಮ್ಯಾಟು ತೆರೆದಿಟ್ಟರೆ ಇವೆಲ್ಲ ಅದರ ಮೇಲೆಯೇ ಕೂರುತ್ತವೆ. ಕೊಂಡಾಗ ಮೇಲಿರುವ ಪ್ಲಾಸ್ಟಿಕ್ ಹಾಳೆಯನ್ನು ಎಸೆಯಬೇಡಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ಅಂಟು ಹೋಯಿತೆಂದು ಎಸೆಯುವ ಎಷ್ಟೋ ಮ್ಯಾಟುಗಳಲ್ಲಿ ಅಂಟು ಇದ್ದೇ ಇರುತ್ತದೆ, ಮೇಲೆ ಕಸ ಕೂತಿರುತ್ತದೆ ಅಷ್ಟೇ. ದೊಡ್ಡ ತುಣುಕುಗಳನ್ನು ಪ್ಲಾಸ್ಟಿಕ್ ಸ್ಕೇಲಿನಿಂದ ಕೆರೆದು, ಉಗುರುಬೆಚ್ಚಗಿನ ನೀರಿನಲ್ಲಿ ತುಸು ಸೋಪು ಹಾಕಿ ಮೆಲ್ಲಗೆ ಉಜ್ಜಿ ತೊಳೆಯಿರಿ. ಬಟ್ಟೆಯಿಂದ ಒರೆಸಿದರೆ ಅದರ ಎಳೆಗಳೇ ಅಂಟುತ್ತವೆ. ಬಿಸಿಲಿಗೂ ಇಡದೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಒಣಗಿದ ಮೇಲೆ ಅಂಟು ಮರಳುತ್ತದೆ. ಗುಲಾಬಿ ಮ್ಯಾಟನ್ನು ಮಾತ್ರ ಹೀಗೆ ತೊಳೆಯಬಾರದು, ಕೆರೆಯಲೂಬಾರದು. ಅದರ ಮೇಲಿನ ದಾರ, ಎಳೆಗಳನ್ನು ಅಂಟುಟೇಪಿನಿಂದ ಎತ್ತಬೇಕು.