ಊರ ನಾಯಿ, ಮನೆಯ ನಾಯಿ ಮತ್ತು ನಾಗರಿಕನ ಹೊಣೆ

ಗೋದಾವರಿಯ ದಂಡೆಯ ಪಂಚವಟಿಯು ಶ್ರೀರಾಮಚಂದ್ರನ ವನವಾಸದ ನೆಲೆಯೆಂದು ಪ್ರಸಿದ್ಧವಾದ ಕ್ಷೇತ್ರ. ಆ ರಾಮನ ಸಭೆಗೇ ಒಂದು ನಾಯಿ ದೂರು ತಂದ ಪ್ರಸಂಗವು ರಾಮಾಯಣದ ಉತ್ತರಕಾಂಡದ ಕೆಲವು ಪಾಠಗಳಲ್ಲಿ ಬರುತ್ತದೆ. ತನ್ನ ತಪ್ಪಿಲ್ಲದೆ ಒಬ್ಬನು ತನ್ನ ತಲೆಗೆ ಹೊಡೆದನೆಂದು ಅದು ಹೇಳಿಕೊಂಡಿತು. ರಾಮನು ಹೊಡೆದವನನ್ನೂ ಕರೆಸಿ, ಇಬ್ಬರ ಮಾತನ್ನೂ ಕೇಳಿ, ಆ ಮೇಲೆ ನ್ಯಾಯ ನಿರ್ಣಯಿಸಿದನು.

ಇಂದಿನ ನಗರಗಳಲ್ಲಿ ಈ ಸಮಾಧಾನ ಕಾಣುವುದಿಲ್ಲ. ಬೀದಿಯ ನಾಯಿಗಳನ್ನೆಲ್ಲ ಕೊಂದುಬಿಡಬೇಕೆಂದು ಒಂದು ಗುಂಪು ಹೇಳಿದರೆ, ಅವುಗಳನ್ನು ಮುಟ್ಟಲೇಬಾರದೆಂದು ಇನ್ನೊಂದು ಗುಂಪು ವಾದಿಸುತ್ತದೆ. ಈ ಎರಡು ವಾದಗಳ ನಡುವೆ ಕಚ್ಚಿಸಿಕೊಳ್ಳುವುದು ಶಾಲೆಗೆ ಹೊರಟ ಮಗು. ಪಾಲಿಕೆಯು ಮಾಡಬೇಕಾದುದೇನು, ಮನೆಯಲ್ಲಿ ನಾಯಿ ಸಾಕಿದವನು ಮಾಡಬೇಕಾದುದೇನು ಎಂಬುದನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಈ ವಾದದ ಬಹುಭಾಗ ತಾನಾಗಿಯೇ ಶಮನವಾದೀತು.

ಕೊಲ್ಲುವ ಕ್ರಮದಿಂದ ಶಸ್ತ್ರಚಿಕಿತ್ಸೆಯವರೆಗೆ

ನಾಯಿಗಳನ್ನು ಕೊಲ್ಲುವ ಪ್ರಯೋಗ ಹೊಸದೇನಲ್ಲ. 1832ರಲ್ಲಿ ಮುಂಬಯಿಯ ಬ್ರಿಟಿಷ್ ಅಧಿಕಾರಿಗಳು ನಾಯಿಯೊಂದಕ್ಕೆ ಎಂಟಾಣೆಯಂತೆ ಬಹುಮಾನ ಗೊತ್ತುಮಾಡಿದ್ದರು. ಹಣದಾಸೆಗೆ ಪೇದೆಗಳು ಸಾಕಿದ ನಾಯಿಗಳನ್ನೂ ಬಿಡದಾದಾಗ ಪಾರ್ಸಿ ಜನರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ಅದು ಗಲಭೆಯಾಗಿ ಪರಿಣಮಿಸಿತು. ಆ ಬಳಿಕವೂ ದೇಶದ ಅನೇಕ ನಗರಗಳಲ್ಲಿ ನಾಯಿಗಳನ್ನು ಕೊಲ್ಲುವ ಪದ್ಧತಿ ಬಹುಕಾಲ ನಡೆಯಿತಾದರೂ ನಾಯಿಗಳೂ ಮುಗಿಯಲಿಲ್ಲ, ರೋಗವೂ ನಿಲ್ಲಲಿಲ್ಲ. ಒಂದು ಬೀದಿಯ ನಾಯಿಗಳನ್ನು ತೆಗೆದರೆ ಅಲ್ಲಿಯ ಕಸದ ರಾಶಿಯನ್ನು ಅರಸಿ ಪಕ್ಕದ ಬೀದಿಯಿಂದ ಬೇರೆ ನಾಯಿಗಳು ಬರುತ್ತವೆ. ಹೀಗೆ ಬಂದವುಗಳಿಗೆ ಲಸಿಕೆ ಆಗಿರುವುದಿಲ್ಲ. ಹೆಣ್ಣುನಾಯಿ ಸುಮಾರು 63 ದಿನಗಳಲ್ಲಿ ಮರಿಹಾಕುತ್ತದೆ. ಬರಿದಾದ ಜಾಗ ತುಂಬಲು ಕಾಲ ಬೇಕಾಗುವುದಿಲ್ಲ.

ಈ ಅನುಭವದಿಂದಲೇ ಕೇಂದ್ರ ಸರ್ಕಾರವು 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಮಾಡಿತು. 2023ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಇವುಗಳಂತೆ ಬೀದಿಯ ನಾಯಿಯನ್ನು ನೋವಾಗದಂತೆ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕು. ಇದು ಸ್ಥಳೀಯ ಸಂಸ್ಥೆಯ ಹೊಣೆ. ಪಂಚವಟಿಯಲ್ಲಿ ಈ ಕಾರ್ಯವು ನಾಸಿಕ ಮಹಾನಗರಪಾಲಿಕೆಗೆ ಸೇರಿದ್ದು. ಕಿವಿಯ ಗುರುತಿಲ್ಲದ ನಾಯಿಗಳು ಬೀದಿಯಲ್ಲಿ ಹೆಚ್ಚಿದ್ದರೆ ಪಾಲಿಕೆಯ ವಿಭಾಗ ಕಛೇರಿಗೆ ಲಿಖಿತ ದೂರು ಕೊಡಬಹುದು. ಮರಾಠಿಯಲ್ಲಿ ಈ ಕಾರ್ಯಕ್ಕೆ ‘ಶ್ವಾನ ನಿರ್ಬೀಜೀಕರಣ’ ಎನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗರು ಈ ಒಂದು ಶಬ್ದವನ್ನು ತಿಳಿದಿದ್ದರೆ ಕಛೇರಿಯಲ್ಲಿ ಕೆಲಸ ಸುಲಭವಾಗುತ್ತದೆ.

2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ವಿಷಯವನ್ನು ಕೈಗೆತ್ತಿಕೊಂಡಿತು. ರೋಗ ತಗುಲಿದ ಇಲ್ಲವೇ ಆಕ್ರಮಣಶೀಲವಾದ ನಾಯಿಗಳನ್ನು ಮರಳಿ ಬೀದಿಗೆ ಬಿಡಬಾರದೆಂದೂ, ಆಹಾರ ಹಾಕಲು ಪ್ರತ್ಯೇಕ ಸ್ಥಳಗಳನ್ನು ಗೊತ್ತುಮಾಡಬೇಕೆಂದೂ ಆಗಸ್ಟ್ 22ರಂದು ಆದೇಶಿಸಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮುಂತಾದ ಸ್ಥಳಗಳಿಂದ ನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕೆಂದು ನವೆಂಬರ್ 7ರಂದು ಹೇಳಿತು.

ಗಾಣಗಾಪುರಕ್ಕೆ ಹೋಗಿ ಬರುವ ಕನ್ನಡಿಗರಿಗೂ ಮರಾಠಿಗರಿಗೂ ದತ್ತಾತ್ರೇಯನ ಪಾದದ ಬಳಿಯ ನಾಲ್ಕು ನಾಯಿಗಳು ಪರಿಚಿತವೇ. ನಾಯಿಗೆ ಅನ್ನ ಹಾಕುವುದು ಪುಣ್ಯವೆಂಬ ಭಾವನೆ ತಪ್ಪಲ್ಲ. ಆದರೆ ಮಕ್ಕಳು ಆಡುವ ಸ್ಥಳದಲ್ಲಿ, ಮೆಟ್ಟಿಲ ಬುಡದಲ್ಲಿ, ಕಟ್ಟಡದ ಬಾಗಿಲಲ್ಲಿ ಹಾಕಿದ ಅನ್ನ ನೆರೆಯವರಿಗೆ ಭಯವನ್ನುಂಟುಮಾಡುತ್ತದೆ. ಹೊರಗೆ ಚೆಲ್ಲಿದ ಕಸವೂ ಹಾಕಿದ ಅನ್ನದಷ್ಟೇ ನಾಯಿಗಳನ್ನು ಸೆಳೆಯುತ್ತದೆಂಬುದನ್ನು ಮರೆಯಬಾರದು.

ಹುಚ್ಚುನಾಯಿ ರೋಗ

ಇಷ್ಟೆಲ್ಲ ಎಚ್ಚರಿಕೆ ಏಕೆಂದರೆ, ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಬಹುಮಟ್ಟಿಗೆ ಅಸಾಧ್ಯ. ಆದರೆ ಲಕ್ಷಣಗಳು ಕಾಣುವ ಮೊದಲು ಸರಿಯಾದ ಚಿಕಿತ್ಸೆ ದೊರೆತರೆ ಇದನ್ನು ತಡೆಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2024ರಲ್ಲಿ ಪ್ರಕಟವಾಯಿತು. ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಜನರು ಈ ರೋಗದಿಂದ ಸಾಯುತ್ತಾರೆಂದು ಅದು ಅಂದಾಜು ಮಾಡಿದೆ. ವೈರಾಣುವು ಗಾಯದಿಂದ ನರಗಳ ಮೂಲಕ ಮಿದುಳಿಗೆ ಸಾಗಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ ಸಾಕು. ಚಿಕಿತ್ಸೆಗೆ ದೊರೆಯುವ ಅವಕಾಶ ಇಷ್ಟೇ.

ನಾಯಿ ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷಗಳ ಕಾಲ ತೊಳೆಯಬೇಕು. ಮೆಣಸಿನಪುಡಿ, ಸುಣ್ಣ, ಅರಿಸಿನ, ಕಾಫಿಪುಡಿ ಇವಾವುವನ್ನೂ ಹಚ್ಚಬಾರದು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ಕುತ್ರಾ ಚಾವಲಾ’ ಎಂದರೆ ಅಲ್ಲಿಯವರಿಗೆ ಸಂಗತಿ ತಿಳಿಯುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯ ಇನ್ನೂ ಅನೇಕ ಹಿರಿಯರಲ್ಲಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯ ಉತ್ಪಾದನೆಯು ಭಾರತದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನ ಲಸಿಕೆಯನ್ನು ಸಾಮಾನ್ಯವಾಗಿ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವುದಾದರೆ ಮೊದಲ ದಿನ ಮತ್ತು ಅಲ್ಲಿಂದ 3, 7, 28ನೆಯ ದಿನ. ಸ್ನಾಯುವಿಗೆ ಹಾಕುವುದಾದರೆ 14ನೆಯ ದಿನವೂ ಸೇರಿ ಐದು ಬಾರಿ. ರಕ್ತ ಬಂದ ಗಾಯವಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನೂ ಕೊಡಬೇಕಾಗುತ್ತದೆ. ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿ. ಆದರೆ ಅದರ ಫಲಿತಾಂಶಕ್ಕಾಗಿ ಚಿಕಿತ್ಸೆಯನ್ನು ತಡಮಾಡುವುದು ಸರಿಯಲ್ಲ. ಮನೆಯ ನಾಯಿ ಕಚ್ಚಿದರೂ, ಕಚ್ಚಿದ್ದು ಮರಿಯಾದರೂ ವೈದ್ಯರ ಸಲಹೆ ಅಗತ್ಯ. ಬೈದಾರೆಂಬ ಅಂಜಿಕೆಯಿಂದ ಮಕ್ಕಳು ಸಣ್ಣ ಗಾಯಗಳನ್ನು ಮುಚ್ಚಿಡುವುದುಂಟು; ಹೇಳಿದರೆ ಬೈಯುವುದಿಲ್ಲವೆಂಬ ಧೈರ್ಯವನ್ನು ತಂದೆತಾಯಿಗಳು ಮೊದಲೇ ಕೊಟ್ಟಿರಬೇಕು.

ಸಾಕುವವನ ಕರ್ತವ್ಯ

ಪಾಲಿಕೆಯ ಸಿಬ್ಬಂದಿ ಬೀದಿಯ ನಾಯಿಗಳನ್ನು ಹಿಡಿಯಬಹುದು. ಮನೆಯ ಬಾಗಿಲೊಳಗಿನ ನಾಯಿಗೆ ಅದರ ಯಜಮಾನನೇ ಹೊಣೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಆ ಮೇಲೆ ಪಶುವೈದ್ಯರು ಹೇಳಿದಂತೆ ಪುನರಾವರ್ತಿಸಬೇಕು. ವಿಮೆಯ ಕಂತನ್ನು ದಿನ ತಪ್ಪದೆ ಕಟ್ಟುವ ಗೃಹಸ್ಥನು ನಾಯಿಯ ಲಸಿಕೆಯ ದಿನಾಂಕವನ್ನು ಮರೆತರೆ ಆ ನಷ್ಟ ಅವನೊಬ್ಬನದಲ್ಲ. ಅದು ನೆರೆಮನೆಯ ಮಗುವಿನದೂ ಆಗಬಹುದು. ಪಾಲಿಕೆಯಲ್ಲಿ ನಾಯಿಯನ್ನು ನೋಂದಾಯಿಸುವುದು, ಹೊರಗೆ ಒಯ್ಯುವಾಗ ಹಗ್ಗ ಬಿಡದಿರುವುದು, ಮಲವನ್ನು ತಾನೇ ತೆಗೆಯುವುದು, ಮರಿಗಳು ಬೇಡವಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದು ಇವೂ ಅವನ ಕರ್ತವ್ಯಗಳೇ.

ಕಾನೂನು ಎರಡು ಕಡೆಗೂ ನೋಡುತ್ತದೆ. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇತ್ತ 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದನ್ನೂ ಅಪರಾಧವೆಂದೇ ಎಣಿಸುತ್ತದೆ. ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ ದೊಡ್ಡ ಜಾತಿಯ ನಾಯಿಯನ್ನು ತರುವ ಮೊದಲು ಇದನ್ನು ಯೋಚಿಸಬೇಕು.

ವರ್ಗಾವಣೆಯ ಕಾಲದಲ್ಲಿ

ಹೊರನಾಡಿನ ಕನ್ನಡಿಗರು ವಿಶೇಷವಾಗಿ ಲಕ್ಷ್ಯವಿಡಬೇಕಾದ ಸಂಗತಿ ಇನ್ನೊಂದಿದೆ. ಓಝರಿನ ವಿಮಾನ ಕಾರ್ಖಾನೆ, ಬ್ಯಾಂಕು, ವಿಮಾ ಕಛೇರಿಗಳಲ್ಲಿರುವವರಿಗೆ ವರ್ಗಾವಣೆ ತಪ್ಪಿದ್ದಲ್ಲ. ಸಾಮಾನು ಲಾರಿಗೆ ಏರುವ ದಿನ ಮನೆಯ ನಾಯಿ ಹಿಂದೆ ಉಳಿಯುವುದುಂಟು. ಯಾರಾದರೂ ಅನ್ನ ಹಾಕಿಯಾರೆಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ಬೀದಿಯ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ. ಆಹಾರ ಹುಡುಕಲು ಅದಕ್ಕೆ ಬಾರದು. ಮುಚ್ಚಿದ ಬಾಗಿಲ ಮುಂದೆ ಅದು ಕಾಯುತ್ತದೆ. ಬದುಕುಳಿದರೆ, ಇಂದು ಬಿಟ್ಟ ಹೆಣ್ಣುನಾಯಿಯೇ ಮುಂದಿನ ವರ್ಷದ ಬೀದಿನಾಯಿಗಳ ತಾಯಿ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದೂ 1960ರ ಕಾಯ್ದೆಯಲ್ಲಿ ಅಪರಾಧ. ಮೊದಲ ಅಪರಾಧಕ್ಕೆ ಅದರಲ್ಲಿ ಬರೆದಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಇಷ್ಟು ಅಲ್ಪವಾದ ದಂಡಕ್ಕೆ ಯಾರೂ ಅಂಜಲಾರರು. ಇಲ್ಲಿ ಮನುಷ್ಯನ ಅಂತಃಕರಣವೇ ಕಾವಲಾಗಬೇಕು.

ನಾಯಿಯನ್ನು ರೈಲಿನಲ್ಲಿ ಕ್ರಮಬದ್ಧವಾಗಿ ಕಾದಿರಿಸಿ ಒಯ್ಯಬಹುದು. ಅದು ಸಾಧ್ಯವಾಗದಿದ್ದರೆ ತಿಂಗಳುಗಳ ಮೊದಲೇ ಬೇರೊಂದು ಮನೆಯನ್ನು ಹುಡುಕಿ, ಲಸಿಕೆಯ ಪತ್ರದೊಡನೆ ಒಪ್ಪಿಸಬಹುದು. ಸಂಘದ ಸದಸ್ಯರು ಈ ಕಾರ್ಯದಲ್ಲಿ ಪರಸ್ಪರ ನೆರವಾದರೆ ಅದೂ ಒಂದು ಸೇವೆಯೇ.

ಮಾತು ಬಾರದ ಪ್ರಾಣಿಯ ದೂರನ್ನೂ ಕಚ್ಚಿಸಿಕೊಂಡ ಮಗುವಿನ ಅಳುವನ್ನೂ ಒಂದೇ ಮನಸ್ಸಿನಿಂದ ಕೇಳುವ ನಾಗರಿಕರಿದ್ದಲ್ಲಿ, ರಾಮನ ಹೆಸರಿನ ಈ ಕ್ಷೇತ್ರದಲ್ಲಿ ನಾಯಿಗೂ ಮನುಷ್ಯನಿಗೂ ಸಮನಾಗಿ ನ್ಯಾಯ ದೊರೆತೀತು.